ಏಳು ಅರ್ಥ, ಆರು ಜ್ವರ

ನಮ್ಮ ಕೌ ಮೇಷ್ಟ್ರು ಇಂಗ್ಲಿಷಿನ ಒಂದೇ ಒಂದು ಕ್ರಿಯಾಪದಕ್ಕೆ ಮೂರು ಸಾವಿರದ ನಾನೂರು ಅರ್ಥಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಆ ಉಸಿರು ಎಷ್ಟು ಬಿಸಿಯೆಂದರೆ, ಲಾರಿ ಹಾದರೂ ಬಿರುಕು ಬಿಡದ, ನಮ್ಮ ಉತ್ತರ ಚೀನಾದ ಸೋಂಗ್‌ಹುವಾ ನದಿಯ ಹಿಮಗಟ್ಟಿ ದಡದಿಂದ ದಡಕ್ಕೆ ಕರಗಿ, ವಸಂತ ಬಂತೆಂದು ಮೋಸಹೋದ ಮೀನುಗಳು ನಡುಚಳಿಗಾಲದಲ್ಲಿ ಮೊಟ್ಟೆಯಿಟ್ಟಿದ್ದವು. ಲಂಡನ್ನಿನಲ್ಲಿ ನಿಘಂಟು ಬರೆಯುವ ಪಂಡಿತರು ಅನುಮಾನ ಬಂದಾಗಲೆಲ್ಲ ನಮ್ಮ ತಾಲ್ಲೂಕಿನ ಅಂಚೆ ಕಚೇರಿಗೆ ಟ್ರಂಕ್ ಕಾಲ್ ಮಾಡಿ, ಮೇಷ್ಟ್ರು ಊಟ ಮುಗಿಸಿ, ಹಲ್ಲು ಚುಚ್ಚಿಕೊಂಡು, ನಿಧಾನವಾಗಿ ನಡೆದು ಬರುವವರೆಗೆ ಫೋನು ಹಿಡಿದು ಕಾಯುತ್ತಿದ್ದರು. ನಂಬದವರು ನಂಬಬೇಡಿ. ನಾನು ಆ ತರಗತಿಯ ಮೊದಲ ಬೆಂಚಿನ ನಟ್ಟನಡುವೆ ಕೂತು ಎಲ್ಲವನ್ನೂ ಕಣ್ಣಾರೆ ಕಂಡವಳು. ಕಣ್ಣಿಗೆ ಕಾಣದ್ದನ್ನು ತಿಳಿಯಲು ಅವರ ತಲೆಯೊಳಕ್ಕೇ ಚಪ್ಪಲಿ ಬಿಟ್ಟು ಹೋಗಿ ಬಂದವಳು.

ಆ ನವೆಂಬರಿನ ಬೆಳಿಗ್ಗೆ ಎದ್ದಾಗ ಕೌ ದೆಮಿನ್ ಮೇಷ್ಟ್ರ ವಯಸ್ಸು ಐವತ್ತೈದು; ಅವರ ಆಯಾಸದ ವಯಸ್ಸು ಕಡಿಮೆಯೆಂದರೂ ನಾನೂರು. ಕೆಳಗೆ ಬೆಂಕಿ ಹಾಯುವ ಇಟ್ಟಿಗೆ ಮಂಚದ ಮೇಲೆ ಅವರು ಕಣ್ಣು ಮುಚ್ಚಿಯೇ ಅಂಗಿಯ ಜೇಬು ತಡಕಿದರು. ಏಳು ಚೀಟಿಗಳು ಅಲ್ಲೇ ಇದ್ದವು. ಸಿಗರೇಟು ಪೊಟ್ಟಣದ ರಟ್ಟನ್ನು ಕತ್ತರಿಸಿ, ಒಂದು ಮಗ್ಗುಲಿಗೆ 'ಮೇಕ್ ಅಪ್' ಎಂದೂ ಇನ್ನೊಂದು ಮಗ್ಗುಲಿಗೆ ಅದರ ಒಂದೊಂದು ಅರ್ಥವನ್ನು ಚೀನೀ ಅಕ್ಷರದಲ್ಲೂ ಬರೆದಿದ್ದ ಚೀಟಿಗಳು. ಮೂರು ವಾರದಿಂದ ಜೇಬಿನಲ್ಲೇ ಉಜ್ಜಿ ಉಜ್ಜಿ ಅವುಗಳ ಅಂಚು ಹಳೆಯ ಇಸ್ಪೀಟೆಲೆಗಳ ಹಾಗೆ ಮೆತ್ತಗಾಗಿತ್ತು. ಏಳೂ ಚೀಟಿಗಳ ಮುಂದಿನ ಮಗ್ಗುಲು ಒಂದೇ. ಎಡವಟ್ಟು ಇದ್ದದ್ದು ಅಲ್ಲೇ. ನಮ್ಮ ಚೀನೀ ಭಾಷೆಯಲ್ಲಿ ಒಂದೊಂದು ಕೆಲಸಕ್ಕೂ ಅದರದ್ದೇ ಅಕ್ಷರವಿತ್ತು. ಸುಳ್ಳು ಕಟ್ಟುವ ಅಕ್ಷರ ಮುಖಕ್ಕೆ ಬಣ್ಣ ಬಳಿಯುವ ಕೆಲಸಕ್ಕೆ ಎಂದೂ ಹೋಗುತ್ತಿರಲಿಲ್ಲ, ಮದ್ದಿನ ಪೊಟ್ಟಣ ಕಟ್ಟುವ ಅಕ್ಷರ ಮುನಿಸಿಕೊಂಡ ಅಣ್ಣತಮ್ಮಂದಿರನ್ನು ರಾಜಿ ಮಾಡಿಸಲು ಹೊರಡುತ್ತಿರಲಿಲ್ಲ. ಇಲ್ಲಿ ನೋಡಿದರೆ 'ಮಾಡು' ಎಂಬ ಒಂದು ಬಡಪಾಯಿ ಪದ, ಅದರ ಹಿಂದೆ 'ಮೇಲೆ' ಎಂಬ ಒಂದು ಬಾಲ. ಏನು ಮೇಲೆ, ಎಷ್ಟು ಮೇಲೆ ಎಂದು ಅವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಏಳು ಅರ್ಥಗಳಲ್ಲಿ ಒಂದರಲ್ಲೂ ಯಾವುದೂ ಒಂದು ಗೇಣಿನಷ್ಟೂ ಮೇಲೆ ಹೋಗುತ್ತಿರಲಿಲ್ಲ.

ಹೆಂಡತಿ ಯುಝೆನ್ ಒಲೆಯ ಮುಂದೆ ಜೋಳದ ಗಂಜಿ ತಿರುವುತ್ತ, ಮುದುಕಾ, ಇವತ್ತೂ ಆ ಚೀಟಿಗಳ ಜೊತೆಯಲ್ಲೇ ಸಂಸಾರವೋ ಎಂದು ಕೇಳಿದಳು. ಅವರು ಚೀಟಿಗಳನ್ನು ಇನ್ನೊಮ್ಮೆ ಎಣಿಸಿದರು. ಹಿರಿಯ ಶಿಕ್ಷಕ ಎಂಬ ಪದವಿಗಾಗಿ ಅವರು ಅರ್ಜಿ ಹಾಕಿ ವಾಪಸ್ಸು ಪಡೆದದ್ದು ಆರು ಸಲ. ಏಳನೆಯದು ಕೊನೆಯದು ಎಂದು ಹೆಡ್‌ಮಾಸ್ಟರ್ ಬಿಯಾನ್ ಹೇಳಿಬಿಟ್ಟಿದ್ದ. ಆಮೇಲೆ ವಯಸ್ಸು ಮೀರುತ್ತಿತ್ತು. ಪಟ್ಟಿಯಲ್ಲಿ ಎಳೆಯರ ಹೆಸರು ಬರುತ್ತಿತ್ತು. ಇವತ್ತು ಬೆಳಿಗ್ಗೆ ಹತ್ತಕ್ಕೆ ತೆರೆದ ಪಾಠ. ಜಿಲ್ಲೆಯ ಶಿಕ್ಷಣ ಕಚೇರಿಯಿಂದ ನಾಲ್ವರು ಬಂದು ತರಗತಿಯ ಹಿಂದೆ ಸಾಲಾಗಿ ಕೂತು, ಮೊಣಕಾಲ ಮೇಲೆ ಪುಸ್ತಕವಿಟ್ಟುಕೊಂಡು ಅಂಕ ಹಾಕುವವರಿದ್ದರು. ಆ ನಲವತ್ತೈದು ನಿಮಿಷ ಸರಿಹೋದರೆ ಕೌ ಮೇಷ್ಟ್ರು ಹಿರಿಯ ಶಿಕ್ಷಕರು. ತಪ್ಪಿದರೆ, ತಮ್ಮದೇ ಶಿಷ್ಯರ ಕೈಕೆಳಗೆ ಇನ್ನೈದು ವರ್ಷ ಸೀಮೆಸುಣ್ಣ ಎಣಿಸಿ ಮನೆಗೆ ಹೋಗುವವರು.

"ಗೊತ್ತಾಯ್ತು ಬಿಡು, ಮಾತಾಡಬೇಡ," ಎಂದಳು ಯುಝೆನ್. "ಹುಳಿಕೋಸಿನ ಜಾಡಿಯ ಮುಚ್ಚಳ ಹಾಕಿ ಹೋಗು. ನನ್ನ ಕೈ ಒದ್ದೆ."

ಅವರು ಮುಚ್ಚಳ ಹಾಕಿ, ಅದರ ಮೇಲೆ ಕಲ್ಲಿಟ್ಟು, ಹಾಗೇ ನಿಂತರು. ಹೆಂಡತಿ ಹೇಳಿದ ಪದದ ಕೊನೆಯಲ್ಲಿ ಒಂದು ಬಾಲವಿತ್ತು. ಪದಕ್ಕೆ ಪದ ಇಟ್ಟು ನೋಡಿದರೆ ಮುಚ್ಚಿ 'ಮೇಲೇಳಿಸು' ಎಂದಿದ್ದಳು ಅವಳು, ನಮ್ಮ ಮಾತಿನಲ್ಲಿ ಎಲ್ಲರೂ ಹಾಗೇ ಹೇಳುವುದು. ಐವತ್ತೈದು ವರ್ಷ ಅದೇ ನಾಲಿಗೆಯಲ್ಲಿ ಉಂಡು, ಬೈದು, ಅತ್ತವರಿಗೆ ಅದು ಈಗ ಕೇಳಿಸಿತು. ನಗು ಶುರುವಾದರೆ ನಕ್ಕು ಮೇಲೇಳುತ್ತದೆ ಎನ್ನುತ್ತಾರೆ. ಮರೆತದ್ದು ನೆನಪಾದರೆ ನೆನೆದು ಮೇಲೇಳುತ್ತದೆ. ಕೂಡಿಹಾಕಿದರೂ ಮೇಲೇಳಿಸುವುದೇ, ಬಚ್ಚಿಟ್ಟರೂ ಮೇಲೇಳಿಸುವುದೇ. ಯಾವುದೂ ಏಳುವುದಿಲ್ಲ. ಪರಭಾಷೆಯ ಬಾಲಕ್ಕೆ ಹತ್ತು ವರ್ಷ ಹೆದರಿದ ಮನುಷ್ಯನಿಗೆ ತನ್ನ ಬೆನ್ನಿಗೂ ಅದೇ ಬಾಲ ಇದ್ದದ್ದು ಗೊತ್ತಿರಲಿಲ್ಲ. ಇದನ್ನೇ ಮೂರು ವಾರದ ಹಿಂದೆ ಕಂಡಿದ್ದರೆ ಪಾಠವನ್ನು ಬೇರೆ ಥರ ಕಟ್ಟಬಹುದಿತ್ತು. ಮಕ್ಕಳಿಗೆ ಏಳು ಚೀಟಿ ಬಾಯಿಪಾಠ ಮಾಡಿಸಬೇಕಾಗಿರಲಿಲ್ಲ. ಹಾಗೆಂದುಕೊಂಡರು, ಉತ್ಸಾಹ ಮಾತ್ರ ಬರಲಿಲ್ಲ. ಬಚ್ಚಿಡು, ಕೂಡಿಹಾಕು ಎಂಬ ಎರಡು ಮಾತು ಕಿವಿ ಬಿಟ್ಟು ಹೋಗಲಿಲ್ಲ. ಗಂಜಿಯನ್ನು ಅರ್ಧಕ್ಕೇ ಬಿಟ್ಟು ಕಿವಿಪಟ್ಟಿಯ ಟೋಪಿ ಹಾಕಿಕೊಂಡು ಹೊರಟರು.

ದಾರಿಯಲ್ಲಿ ಚಳಿ ಎಂಥದೆಂದರೆ ಉಗುಳಿದ್ದು ನೆಲ ಮುಟ್ಟುವ ಮೊದಲೇ ಗಾಜಿನ ಗೋಲಿಯಾಗಿ ಉರುಳುತ್ತಿತ್ತು. ಇಬ್ಬರು ಎದುರುಬದುರು ನಿಂತು ಆಡಿದ ಮಾತು ಗಾಳಿಯಲ್ಲೇ ಹೆಪ್ಪುಗಟ್ಟಿ, ಏಪ್ರಿಲ್‌ನಲ್ಲಿ ಕರಗಿದಾಗ ಮೂರನೆಯವರ ಕಿವಿಗೆ ಬೀಳುತ್ತಿತ್ತು. ಮರದ ಡಿಪೋದ ತಿರುವಿನಲ್ಲಿ ತಮ್ಮ ದೆಶುನ್ ಸೈಕಲ್ಲಿನ ಮೇಲೆ ಎದುರಾದ. ಇಬ್ಬರೂ ಒಂದೇ ಗಳಿಗೆಯಲ್ಲಿ ಒಬ್ಬ ಡಿಪೋದ ಕಡೆಗೆ, ಒಬ್ಬ ಆಕಾಶದ ಕಡೆಗೆ ಮುಖ ತಿರುಗಿಸಿದರು. ಹನ್ನೊಂದು ವರ್ಷದಿಂದ ಇಷ್ಟು ಅಚ್ಚುಕಟ್ಟಾಗಿ ಒಟ್ಟಿಗೆ ಮಾಡುತ್ತಿದ್ದ ಕೆಲಸ ಅವರಿಬ್ಬರಿಗೆ ಬೇರೊಂದಿರಲಿಲ್ಲ. ನಾಲ್ಕನೆಯ ಚೀಟಿ, ಎಂದುಕೊಂಡರು ಮೇಷ್ಟ್ರು. ಜಗಳವಾಡಿದವರು ಮತ್ತೆ ಕೂಡುವುದು. ಉದಾಹರಣೆ ವಾಕ್ಯದಲ್ಲಿ ಟಾಮ್ ಎಂಬವನೂ ಮೇರಿ ಎಂಬವಳೂ ಬೆಳಿಗ್ಗೆ ಜಗಳವಾಡಿ ಮಧ್ಯಾಹ್ನದ ಹೊತ್ತಿಗೆ ಕೂಡಿಬಿಡುತ್ತಿದ್ದರು. ಎಂಥ ಪುಣ್ಯವಂತರು. ಸೈಕಲ್ಲಿನ ಸರಪಳಿಯ ಸದ್ದು ಹಿಂದೆ ಸರಿದು ಹೋಯಿತು. ಸರಪಳಿಗೆ ಎಣ್ಣೆ ಬಿಟ್ಟು ಬಹಳ ದಿನವಾಗಿತ್ತು.

ತೆರೆದ ಪಾಠದಿಂದ ದೂರ ಇಡಬೇಕಾದ ಆರು ಮಕ್ಕಳ ಹೆಸರನ್ನು ಮೇಷ್ಟ್ರು ಬರೆದದ್ದೂ ಸಿಗರೇಟಿನ ರಟ್ಟಿನ ಮೇಲೆಯೇ. ಹಾಗೆ ನೋಡಿದರೆ ಅದು ಎಂಟನೆಯ ಚೀಟಿ. ನಮ್ಮ ಕಡೆ ತೆರೆದ ಪಾಠವೆಂದರೆ ಒಂದು ತಿಂಗಳ ನಾಟಕದ ತಾಲೀಮು. ಇದು ಎಲ್ಲ ಶಾಲೆಯಲ್ಲೂ ಇದ್ದದ್ದೇ, ಯಾರೂ ಇದಕ್ಕೆ ಮೋಸ ಎನ್ನುತ್ತಿರಲಿಲ್ಲ, ತಯಾರಿ ಎನ್ನುತ್ತಿದ್ದರು. ಮೇಷ್ಟ್ರು ಪ್ರಶ್ನೆ ಕೇಳಿದಾಗ ಎಲ್ಲ ಮಕ್ಕಳೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಹಿಂದೆ ಕೂತವರಿಗೆ ಕಾಣುವುದು ಕೈಗಳ ಕಾಡು. ಮೇಷ್ಟ್ರಿಗೆ ಕಾಣುವುದು ಬಲಗೈಗಳು. ಇಷ್ಟಾದ ಮೇಲೂ ಕೆಲವರು ಉಳಿಯುತ್ತಾರೆ. ಎಡ ಬಲ ಗೊತ್ತಾಗದ ಇಬ್ಬರು ಅವಳಿಗಳು, ಎದ್ದು ನಿಂತರೆ ತೊದಲುವ ಒಬ್ಬ, ಹಳ್ಳಿಯಿಂದ ತಡವಾಗಿ ಬಂದು ಸೇರಿದ್ದರಿಂದ ಇಂಗ್ಲಿಷಿನ ಅಕ್ಷರವನ್ನೇ ಪೂರ್ತಿ ಕಲಿಯದ ಇನ್ನಿಬ್ಬರು. ಆರನೆಯವಳು ಒಂದು ಹುಡುಗಿ. ಎಡಗೈ ಎತ್ತು ಎಂದರೆ ಅವಳು ಬಲಗೈಯನ್ನೇ ಎತ್ತುತ್ತಿದ್ದಳು, ಕರೆದರೆ ಗೊತ್ತಿಲ್ಲದ ಉತ್ತರವನ್ನು ಹತ್ತು ನಿಮಿಷ ಹೇಳುತ್ತಿದ್ದಳು. ಅವಳ ಹೆಸರು ನನಗೀಗ ಮರೆತುಹೋಗಿದೆ.

ಹೋದ ವಾರ ಹೆಡ್‌ಮಾಸ್ಟರ್ ಬಿಯಾನ್, ಒಂದು ಕಾಲದಲ್ಲಿ ಇದೇ ಕೌ ಮೇಷ್ಟ್ರ ಹತ್ತಿರ ರಷ್ಯನ್ ಕಲಿತು ನಪಾಸಾದವನು, ಚಹಾದ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತ ಅವರನ್ನು ಕೇಳಿದ್ದ.

"ಮೇಷ್ಟ್ರೇ, ನಿಮ್ಮ ಆ ಆರು ರತ್ನಗಳನ್ನ ಏನ್ ಮಾಡ್ತೀರಿ?"

"ಜ್ವರ ಬರುತ್ತೆ."

"ಆರು ಜನಕ್ಕೂ ಒಂದೇ ದಿನಾನಾ?"

"ಚಳಿಗಾಲ ಅಲ್ವಾ."

"ಭಲೇ," ಎಂದಿದ್ದ ಬಿಯಾನ್. "ಜ್ವರ ಎಲ್ಲಿಗೂ ಎದ್ದು ಓಡಾಡದ ಹಾಗೆ ನೋಡ್ಕೊಳ್ಳಿ."

ಮನೆಗೆ ಕಳಿಸುವ ಹಾಗಿರಲಿಲ್ಲ. ಹಳ್ಳಿಯವರು ಹಾಸ್ಟೆಲಿನಲ್ಲಿದ್ದರು, ಹಾಸ್ಟೆಲಿಗೂ ತನಿಖೆಯಿತ್ತು. ತರಗತಿಯ ಪಕ್ಕದಲ್ಲಿ ಮುರಿದ ಬೆಂಚುಗಳನ್ನು ಒಟ್ಟುವ ಒಂದು ಕೋಣೆಯಿತ್ತು. ಎರಡಕ್ಕೂ ನಡುವೆ ಹೊಗೆಗೋಡೆ. ತರಗತಿಯ ಕಲ್ಲಿದ್ದಲಿನ ಒಲೆಯ ಹೊಗೆ ಗೋಡೆಯೊಳಗಿನ ಕೊರೆದ ದಾರಿಯಲ್ಲಿ ಸುತ್ತಿ ಸುತ್ತಿ ಮೇಲೆ ಹೋಗುತ್ತಿದ್ದುದರಿಂದ ಗೋಡೆ ಎರಡೂ ಕಡೆ ಬಿಸಿಯಾಗಿರುತ್ತಿತ್ತು. ಚಳಿಯಾಗುವುದಿಲ್ಲ, ಗೋಡೆಗೆ ಬೆನ್ನು ಕೊಟ್ಟು ಕೂತಿರಿ, ಪಾಠ ಮುಗಿದ ತಕ್ಷಣ ಬರುತ್ತೇನೆ ಎಂದು ಮೇಷ್ಟ್ರು ಆರು ಮಕ್ಕಳಿಗೂ ತಾವೇ ಹೇಳಿದ್ದರು. ನಮಗೆ ಏನಾಗಿದೆ ಎಂದು ಆ ಹುಡುಗಿ ಕೇಳಿದ್ದಳು. ಜ್ವರ ಎಂದಿದ್ದರು. ಅವಳು ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಂಡಿದ್ದಳು. ಆ ಕೈ ಹಣೆಗೆ ಹೋದ ರೀತಿ ಮೂರು ದಿನದಿಂದ ಅವರನ್ನು ಬಿಟ್ಟಿರಲಿಲ್ಲ. ಸೀಮೆಸುಣ್ಣ ಹಿಡಿದರೆ ಆ ಕೈ, ಅನ್ನದ ಬಟ್ಟಲು ಹಿಡಿದರೆ ಆ ಕೈ. ಈ ಹುಡುಗಿ ನಂಬಿತಲ್ಲ, ತನಗೆ ನಿಜವಾಗಿ ಏನೋ ಆಗಿದೆ ಎಂದು ನಂಬಿತಲ್ಲ ಎಂದು ಮೊದಲ ದಿನ ಸಂಕಟವಾಯಿತು. ಎರಡನೆಯ ದಿನ, ಅದು ನಂಬಲಿಲ್ಲ, ನನಗೆ ಬೇಜಾರಾಗದಿರಲಿ ಎಂದು ನಂಬಿದ ಹಾಗೆ ಮಾಡಿತು ಎನ್ನಿಸಿ ಇನ್ನೂ ಸಂಕಟವಾಯಿತು.

ಮೇಷ್ಟ್ರನ್ನೂ ಹೀಗೆ ಕೂಡಿಹಾಕಿದ್ದ ಕಾಲವಿತ್ತು. ಶಾಲೆಗಳಲ್ಲಿ ರಷ್ಯನ್ ಭಾಷೆ ಬೇಡವೆಂದಾದ ವರ್ಷ, ತನಿಖೆಯವರು ಬಂದಾಗಲೆಲ್ಲ ಅವರನ್ನು ಬಾಯ್ಲರ್ ಕೋಣೆಗೆ ಕಳಿಸುತ್ತಿದ್ದರು. ಕೆಲಸವಿಲ್ಲದ ಮೇಷ್ಟ್ರು ಶಾಲೆಯಲ್ಲಿರುವುದು ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಬಾಯ್ಲರ್‌ನ ಮುದುಕ ಇದ್ದಲಿನ ಗುಡ್ಡೆಯ ಮೇಲೆ ಗೋಣಿ ಹಾಸಿ, ಕೂತ್ಕೊಳ್ಳಿ ಮೇಷ್ಟ್ರೇ, ಇಲ್ಲಿ ಬೆಚ್ಚಗಿದೆ ಎನ್ನುತ್ತಿದ್ದ. ಆ ಬೆಚ್ಚಗಿನ ನಾಚಿಕೆಯಲ್ಲಿ ಕೂತು, ಮಸಿ ಮೆತ್ತಿದ ಬೆರಳಲ್ಲಿ ಪುಟ ತಿರುವಿ ಅವರು ಇಂಗ್ಲಿಷ್ ಕಲಿತದ್ದು. ರಷ್ಯನ್ ಕ್ರಿಯಾಪದ ಮೊದಲಲ್ಲಿ ಅಂಟುವ ಅಕ್ಷರದ ಟೋಪಿ ಬದಲಿಸಿ ಅರ್ಥ ಬದಲಿಸುತ್ತಿತ್ತು. ದೂರದಿಂದಲೇ ಟೋಪಿ ನೋಡಿ ಗುರುತು ಹಿಡಿಯಬಹುದಿತ್ತು. ಇಂಗ್ಲಿಷಿನದು ನಾಯಿಯ ಜಾತಿ, ಹತ್ತಿರ ಬಂದು ಬಾಲ ಅಲ್ಲಾಡಿಸುವ ತನಕ ಕಚ್ಚುತ್ತದೋ ನೆಕ್ಕುತ್ತದೋ ತಿಳಿಯುತ್ತಿರಲಿಲ್ಲ. ಅವರಿಗಾಗಲೇ ನಲವತ್ತು ದಾಟಿತ್ತು. ಅಲ್ಲಿಂದ ಹೊರಬಂದ ದಿನ, ಇನ್ನೆಂದೂ ಯಾರನ್ನೂ ಹೀಗೆ ಕೂರಿಸುವುದಿಲ್ಲ ಎಂದು ಶಪಥವೇನೂ ಮಾಡಿರಲಿಲ್ಲ. ಅಂಥ ಶಪಥ ಬೇಕಾಗಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ.

ಹತ್ತಕ್ಕೆ ಐದು ನಿಮಿಷವಿದ್ದಾಗ ಆರು ಮಂದಿಯನ್ನು ಕೋಣೆಗೆ ಬಿಟ್ಟು, ಬಾಗಿಲೆಳೆದು, ಚಿಲಕದ ಕೊಂಡಿಗೆ ಒಂದು ಪೊರಕೆ ಕಡ್ಡಿ ಸಿಕ್ಕಿಸಿದರು. ಬೀಗ ಹಾಕಲಿಲ್ಲ ಎಂಬುದು ಅವರಿಗೆ ಸ್ವಲ್ಪ ಸಮಾಧಾನ ಕೊಟ್ಟಿತು. ತರಗತಿಯಲ್ಲಿ ಆ ಆರು ಮಕ್ಕಳ ಬೆಂಚುಗಳನ್ನು ಮೊದಲೇ ತೆಗೆಸಿ, ಉಳಿದವನ್ನು ಹರಡಿ, ನಲವತ್ತೆಂಟು ಮಕ್ಕಳನ್ನು ಸಮನಾಗಿ ಕೂರಿಸಿದ್ದರು. ಹಿಂದೆ ಬಿಯಾನ್, ಅವನ ಪಕ್ಕದಲ್ಲಿ ಜಿಲ್ಲೆಯವರು. ಅವರಲ್ಲಿ ಹಿರಿಯಳು ನಿಂಗ್ ಮೇಡಂ, ಕೈಗವುಸು ಬಿಚ್ಚದೆಯೇ ಪೆನ್ಸಿಲು ಹಿಡಿದ ಹೆಂಗಸು, ನಗುವುದಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯುತ್ತಿದ್ದ ಹಾಗಿದ್ದಳು.

ಪಾಠ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. ಮೊದಲ ಚೀಟಿ, ಇಲ್ಲದ ಕಥೆ ಕಟ್ಟುವುದು. ನಲವತ್ತೆಂಟು ಕೈ ಮೇಲೆದ್ದವು, ಮೇಷ್ಟ್ರು ಒಂದು ಬಲಗೈಯನ್ನು ಕರೆದರು, ಉತ್ತರ ಸರಿ. ಎರಡನೆಯದಕ್ಕೆ ಒಬ್ಬಳು ಅಕ್ಕನ ಮದುವೆಯ ಪೌಡರಿನ ಡಬ್ಬಿ ತಂದು ತೋರಿಸಿದಳು. ಮೂರನೆಯದಕ್ಕೆ ಮದ್ದಿನಂಗಡಿಯವನ ಮಗ ಕಾಗದದಲ್ಲಿ ಪೊಟ್ಟಣ ಕಟ್ಟಿದ. ತಾಲೀಮಿನಲ್ಲಿ ಎಲ್ಲೆಲ್ಲಿ ತಡವರಿಸುತ್ತಿದ್ದರೋ ಅಲ್ಲೆಲ್ಲ ಸರಾಗ. ಮೇಷ್ಟ್ರ ಬಾಯಿ ಪಾಠ ಮಾಡುತ್ತಿತ್ತು, ಕಿವಿ ಗೋಡೆಯ ಕಡೆಗಿತ್ತು. ಗೋಡೆಯೊಳಗೆ ಹೊಗೆ ಸರಿಯುವ ಸದ್ದನ್ನು ಬಿಟ್ಟರೆ ಏನೂ ಇಲ್ಲ. ಅಷ್ಟು ಮಟ್ಟಸ ಮೌನ ಆರು ಮಕ್ಕಳಿಂದ ಹೇಗೆ ಸಾಧ್ಯ ಎನ್ನಿಸಿತು. ಟಾಮ್ ಮತ್ತು ಮೇರಿ ರಾಜಿಯಾದರು. ಮೇಷ್ಟ್ರ ನೆನಪಿನಲ್ಲಿ ತಮ್ಮನ ಸೈಕಲ್ ಸರಪಳಿ ಕಿರುಗುಟ್ಟಿತು. ಐದನೆಯದು ತಪ್ಪಿಹೋದದ್ದನ್ನು ತುಂಬಿಕೊಡುವುದು: ಜ್ವರದಿಂದ ಮಲಗಿದ್ದ ವಿದ್ಯಾರ್ಥಿ ತಪ್ಪಿದ ಪಾಠವನ್ನು ಆಮೇಲೆ ತುಂಬಿಕೊಂಡನು. ವಾಕ್ಯ ಪಠ್ಯಪುಸ್ತಕದ್ದೇ. ಅದನ್ನು ಓದಿದ ಹುಡುಗನ ಕಿವಿ ಕೆಂಪಾಯಿತೋ, ಚಳಿಗೆ ಹಾಗಾಯಿತೋ ತಿಳಿಯಲಿಲ್ಲ.

ಆರನೆಯ ಅರ್ಥ ಹಲವು ಸೇರಿ ಒಂದಾಗುವುದು. ಅದನ್ನು ಇಡೀ ತರಗತಿ ಒಟ್ಟಿಗೆ ಹೇಳಬೇಕೆಂದು ಮೂರು ವಾರದ ಹಿಂದೆ ಅವರೇ ಗೊತ್ತುಮಾಡಿದ್ದರು. ದಿನಕ್ಕೆ ಇಪ್ಪತ್ತು ಸಲ ಹೇಳಿಸಿದ್ದ ವಾಕ್ಯ. ಮಕ್ಕಳು ನಿದ್ದೆಯಲ್ಲೂ ಹೇಳುತ್ತಿದ್ದರು. ಆರು ಮಂದಿಯನ್ನು ತೆಗೆದದ್ದು ಮೂರೇ ದಿನದ ಹಿಂದೆ. ಬೆಂಚು ತೆಗೆದರು, ಹಾಜರಿ ಪುಸ್ತಕ ಬಚ್ಚಿಟ್ಟರು, ಗೋಡೆಯ ಮೇಲಿನ ಕಸ ಗುಡಿಸುವ ಪಾಳಿಯ ಪಟ್ಟಿಯನ್ನೂ ಹೊಸದಾಗಿ ಬರೆದರು. ಆ ವಾಕ್ಯ ಮಾತ್ರ ನೆನಪಾಗಿರಲಿಲ್ಲ. ಮೇಷ್ಟ್ರು ಕೈ ಎತ್ತಿದರು, ಮಕ್ಕಳು ಎದೆ ತುಂಬ ಉಸಿರೆಳೆದರು, ಕೈ ಇಳಿಯುವ ಮೊದಲೇ ಅವರಿಗೆ ತಿಳಿಯಿತು. ಆದರೆ ಇಳಿಯುತ್ತಿದ್ದ ಕೈಯನ್ನು ನಿಲ್ಲಿಸಲು ಆಗಲಿಲ್ಲ.

ಐವತ್ತನಾಲ್ಕು ವಿದ್ಯಾರ್ಥಿಗಳು ಸೇರಿ ನಮ್ಮ ತರಗತಿ ಆಗಿದೆ ಎಂದು ನಲವತ್ತೆಂಟು ಮಕ್ಕಳು ಕಿಟಕಿಯ ಗಾಜು ಅದುರುವ ಹಾಗೆ ಇಂಗ್ಲಿಷಿನಲ್ಲಿ ಕೂಗಿದರು.

ನಿಂಗ್ ಮೇಡಮ್ಮಿನ ಪೆನ್ಸಿಲು ನಿಂತಿತು. ತಲೆಯೆತ್ತಿ ಸಾಲು ಸಾಲಾಗಿ ನೋಡಿದಳು. ಎಣಿಸುತ್ತಿದ್ದಾಳೆ ಎಂಬುದು ಅವಳ ಗಲ್ಲ ಸಣ್ಣಗೆ ಕುಣಿಯುತ್ತಿದ್ದುದರಿಂದ ಕಾಣುತ್ತಿತ್ತು. ಒಲೆಯಲ್ಲಿ ಒಂದು ಕೆಂಡ ಸಿಡಿಯಿತು.

"ಕೌ ಮೇಷ್ಟ್ರೇ, ಇಲ್ಲಿರೋದು ನಲವತ್ತೆಂಟು ಮಕ್ಕಳು," ಎಂದಳು. "ಉಳಿದ ಆರು ಜನ ಎಲ್ಲಿ?"

ಹೆಡ್‌ಮಾಸ್ಟರ್ ಬಿಯಾನ್ ಅವರ ಕಡೆ ನೋಡುತ್ತ ತುಟಿಯಲ್ಲೇ ಜ್ವರ ಎಂದ. ನಲವತ್ತೆಂಟು ಮಕ್ಕಳು ಕತ್ತು ಅಲ್ಲಾಡಿಸದೆ ಕಣ್ಣನ್ನು ಮಾತ್ರ ಗೋಡೆಯ ಕಡೆ ಹೊರಳಿಸಿ ವಾಪಸ್ಸು ತಂದರು. ಮೇಷ್ಟ್ರ ಕೈಯಲ್ಲಿ ಏಳನೆಯ ಚೀಟಿ ಉಳಿದಿತ್ತು. ಏಳನೆಯದು ಮನಸ್ಸು ಗಟ್ಟಿ ಮಾಡಿಕೊಳ್ಳುವುದು. ಜ್ವರ ಎಂದರೆ ಮುಗಿಯಿತು, ನಿಂಗ್ ಮೇಡಂ ತಲೆಯಾಡಿಸಿ ಬರೆದುಕೊಳ್ಳುತ್ತಾಳೆ, ಆರು ಸಲ ವಾಪಸ್ಸು ಬಂದ ಅರ್ಜಿ ಏಳನೆಯ ಸಲ ವಾಪಸ್ಸು ಬರುವುದಿಲ್ಲ. ಅವರು ಬೆನ್ನಲ್ಲಿ ಗೋಡೆಯ ಬಿಸಿಯನ್ನು ಅನುಭವಿಸಿದರು. ಆಚೆ ಕಡೆ ಇನ್ನಾರು ಬೆನ್ನುಗಳು ಅದೇ ಇಟ್ಟಿಗೆಗೆ ಒತ್ತಿಕೊಂಡಿವೆ, ನಡುವೆ ಒಂದು ಗೇಣು ಹೊಗೆ. ಬಾಯ್ಲರ್‌ನ ಮುದುಕ, ಇಲ್ಲಿ ಬೆಚ್ಚಗಿದೆ ಎಂದ. ಹುಡುಗಿಯ ಕೈ ಹಣೆಗೆ ಹೋಯಿತು.

ಆಗ ನಮ್ಮ ಕೌ ಮೇಷ್ಟ್ರು ಏನು ಮಾಡಿದರು ಗೊತ್ತೇ? ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಆನೆ ನಡೆದ ಹಾಗೆ ನಡೆದು ಹೊರಗೆ ಹೋದರು. ಪೊರಕೆ ಕಡ್ಡಿಯನ್ನು ಎಷ್ಟು ಜೋರಾಗಿ ಎಳೆದರೆಂದರೆ ಬಾಗಿಲು ಕೀಲು ಸಮೇತ ಕಿತ್ತು ಅಂಗಳದ ಹಿಮದಲ್ಲಿ ಹೋಗಿ ನಿಂತಿತು. ಆರು ಮಂದಿಯ ಕೈ ಹಿಡಿದು ಸರಪಳಿಯ ಹಾಗೆ ಒಳಗೆ ತಂದು, ಕಪ್ಪುಹಲಗೆಯ ಮುಂದೆ ನಿಲ್ಲಿಸಿ, ಇವರು ಆರು ಜನ, ಇವರನ್ನು ಬಿಟ್ಟರೆ ನನ್ನ ವಾಕ್ಯ ಸುಳ್ಳು ಎಂದರು. ನಿಂಗ್ ಮೇಡಂ ಎದ್ದು ನಿಂತಳು. ಕೈಗವುಸು ಬಿಚ್ಚಿ ಹೊಡೆದ ಚಪ್ಪಾಳೆಗೆ ಮಾಡಿನ ಹಿಮವೆಲ್ಲ ದೊಪ್ಪನೆ ಜಾರಿ ಬಿತ್ತು. ಆ ಹುಡುಗಿ ಏಳು ಅರ್ಥಗಳ ಮೇಲೆ ಎಂಟನೆಯದೊಂದನ್ನು ಹೇಳಿದಳು, ಅದು ಈಗ ಲಂಡನ್ನಿನ ನಿಘಂಟಿನಲ್ಲಿದೆ. ಪದವಿಯ ಪತ್ರಕ್ಕೆ ಅಲ್ಲೇ, ಒಲೆಯ ಮುಂದೆಯೇ, ಕೆಂಪು ಮೊಹರು ಒತ್ತಿದರು.

ಈ ಕಥೆಯನ್ನು ನಾನು ಇಪ್ಪತ್ತೈದು ವರ್ಷದಿಂದ ಹೇಳುತ್ತ ಬಂದಿದ್ದೇನೆ. ನಾನು ಬಸ್ ಕಂಡಕ್ಟರ್. ನಮ್ಮ ಊರಿಂದ ಜಿಲ್ಲಾ ಕೇಂದ್ರಕ್ಕೆ ಮೂರು ಗಂಟೆಯ ದಾರಿ, ಈ ಕಥೆಗೆ ಎರಡೂವರೆ ಗಂಟೆ ಸಾಕು. ಎಲ್ಲ ಸರಾಗವಾಗಿ ನಡೆದಿತ್ತು, ಹೋದ ತಿಂಗಳು ಮೇಷ್ಟ್ರ ಎಂಬತ್ತನೆಯ ಹುಟ್ಟುಹಬ್ಬದ ಊಟದ ಮೇಜಿನಲ್ಲಿ ಅವರ ಎದುರಿಗೇ ಹೇಳುವ ತನಕ. ಹಳೆಯ ವಿದ್ಯಾರ್ಥಿಗಳು ಇಪ್ಪತ್ತು ಮಂದಿ ಇದ್ದೆವು. ಬಾಗಿಲು ಹಿಮದಲ್ಲಿ ಹೋಗಿ ನಿಂತ ಕಡೆ ಎಲ್ಲರೂ ನಕ್ಕರು, ಜೋಳದ ಸಾರಾಯಿಯ ಬಟ್ಟಲು ಎತ್ತಿದರು. ಮೇಷ್ಟ್ರು ಎತ್ತಲಿಲ್ಲ. ದೀರ್ಘಾಯುಷ್ಯಕ್ಕೆಂದು ಬಡಿಸಿದ್ದ ಉದ್ದನೆಯ ನೂಡಲ್ಸಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ನನ್ನ ಕಡೆ ನೋಡಿದರು.

"ಲಾಮೆಯ್, ಆ ದಿನ ನೀನು ಕ್ಲಾಸಲ್ಲಿರಲಿಲ್ಲ," ಎಂದರು.

ನಾನು, ಮೊದಲನೇ ಬೆಂಚಲ್ಲೇ ಇದ್ದೆನಲ್ಲ ಮೇಷ್ಟ್ರೇ ಎಂದು ಶುರುಮಾಡಿದೆ.

"ನೀನು ಗೋಡೆ ಆಚೆ ಇದ್ದೆ. ನನ್ನ ತಲೆಯೊಳಗಿದ್ದದ್ದನ್ನೆಲ್ಲ ಸರಿಯಾಗೇ ಹೇಳ್ದೆ. ಹೇಗೆ ಗೊತ್ತಾಯ್ತೋ ನನಗೆ ಗೊತ್ತಿಲ್ಲ. ನಾನು ಮಾಡಿದ್ದನ್ನ ಮಾತ್ರ ತಪ್ಪು ಹೇಳ್ದೆ. ನಾನು ಬಾಗಿಲು ತೆಗೀಲಿಲ್ಲ. ಅದನ್ನೂ ಹೇಳಮ್ಮ."

ಹೇಳುತ್ತೇನೆ. ಆ ಆರನೆಯ ಹುಡುಗಿ ಪಾಂಗ್ ಲಾಮೆಯ್, ಅಂದರೆ ನಾನು. ಮೂರು ಸಾವಿರದ ನಾನೂರಲ್ಲ, ಏಳೇ ಅರ್ಥ. ಅದರಲ್ಲಿ ಗೋಡೆಯ ಮೂಲಕ ನನಗೆ ಕೇಳಿಸಿದ್ದು ಐದು. ಪೌಡರಿನ ಡಬ್ಬಿ, ಪೊಟ್ಟಣ ಎಲ್ಲ ಆಮೇಲೆ ಬೇರೆಯವರು ಹೇಳಿದ್ದು. ಐವತ್ತನಾಲ್ಕು ಎಂದು ಕೂಗಿದಾಗ ನಾವೂ ಆರು ಮಂದಿ ಬಾಯಿ ಮಾತ್ರ ಆಡಿಸಿ, ಸದ್ದಿಲ್ಲದೆ, ಅವರ ಜೊತೆಗೇ ಹೇಳಿದೆವು. ಆಮೇಲೆ ಹೆಂಗಸಿನ ದನಿ ಕೇಳಿಸಿತು. ಆಮೇಲೆ ಏನೂ ಇಲ್ಲ, ಬಹಳ ಹೊತ್ತು. ಆ ಹೊತ್ತಿನಲ್ಲಿ ಅವಳಿಗಳಲ್ಲಿ ಒಬ್ಬನಿಗೆ ಕೆಮ್ಮು ಬಂತು. ನಾನು ನನ್ನ ಟೋಪಿಯನ್ನು ಅವನ ಬಾಯಿಗೆ ಒತ್ತಿದೆ, ಇನ್ನೊಬ್ಬ ಅವನ ಬೆನ್ನು ಹಿಡಿದ. ಅವನ ಕಣ್ಣಲ್ಲಿ ನೀರು ಬಂತು, ಕೆಮ್ಮಲಿಲ್ಲ. ಮೇಷ್ಟ್ರು ಸಿಕ್ಕಿಬೀಳಬಾರದು ಎಂದಷ್ಟೇ ನಮಗಿತ್ತು. ಗೋಡೆಯ ಆಚೆ ಅವರ ದನಿ, ಜ್ವರ ಎಂದಿತು. ಆರೂ ಜನಕ್ಕೆ ಜ್ವರ.

ನಿಂಗ್ ಮೇಡಂ ತಲೆಯಾಡಿಸಿದಳೋ ಇಲ್ಲವೋ ನನಗೆ ಕಾಣಲಿಲ್ಲ. ಪದವಿ ಬಂತು. ಮಧ್ಯಾಹ್ನ ಜಿಲ್ಲೆಯವರ ಜೊತೆ ಊಟಕ್ಕೆ ಹೋದ ಮೇಷ್ಟ್ರು ನಮ್ಮನ್ನು ಮರೆತರು. ಶನಿವಾರ, ಅರ್ಧ ದಿನ. ಒಲೆ ಆರಿಸಿ ಎಲ್ಲರೂ ಹೋದದ್ದು ಗೋಡೆ ತಣ್ಣಗಾದಾಗ ನಮಗೆ ಗೊತ್ತಾಯಿತು. ಒಂದು ಪೊರಕೆ ಕಡ್ಡಿ. ಆರು ಜನ ಒಟ್ಟಿಗೆ ತಳ್ಳಿದ್ದರೆ ಮುರಿಯುತ್ತಿತ್ತು. ನಾವು ತಳ್ಳಲಿಲ್ಲ. ಬರುತ್ತೇನೆ ಎಂದಿದ್ದರಲ್ಲ.

ಹೊತ್ತು ಇಳಿಯುವಾಗ ಅವರು ಟೋಪಿಯಿಲ್ಲದೆ ಓಡಿ ಬಂದರು. ಇಲ್ಲಿಂದ ಮುಂದೆ ನಾನು ಊಟದ ಮೇಜಿನಲ್ಲಿ, ಅವರು ಒಲೆ ಹಚ್ಚಿ, ನಮ್ಮನ್ನು ಸುತ್ತ ಕೂರಿಸಿ, ಏಳೂ ಅರ್ಥ ಕಲಿಸಿದರು ಎಂದು ಹೇಳಲು ಹೋದೆ. ಮೇಷ್ಟ್ರು ತಲೆ ಅಲ್ಲಾಡಿಸಿದರು. ಸರಿ, ಅದೂ ಇಲ್ಲ. ಬಾಗಿಲು ತೆಗೆದರು. ಬೆರಳು ಆಡಿಸಿ ನಮ್ಮನ್ನು ಎಣಿಸಿದರು, ಆರು, ಮತ್ತೆ ಎಣಿಸಿದರು. ಮನೆಗೆ ಹೋಗಿ ಎಂದರು. ಬಾಯಲ್ಲಿ ಸಾರಾಯಿಯ ವಾಸನೆಯಿತ್ತು. ಐದು ಮಂದಿ ಓಡಿದರು. ನಾನು ಹಿಂದೆ ಉಳಿದು ಒಂದು ಮಾತು ಕೇಳಿದೆ. ಕುಚೇಷ್ಟೆಗಲ್ಲ, ಆ ದಿನ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು.

"ಮೇಷ್ಟ್ರೇ, ಸೋಮವಾರ ನಮಗೆ ಜ್ವರ ಇರುತ್ತಾ?"

ಅವರು ಪೊರಕೆ ಕಡ್ಡಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದರು. ಉತ್ತರ ಬರಲಿಲ್ಲ. ನಾನು ಸ್ವಲ್ಪ ಹೊತ್ತು ಕಾದು, ಹಣೆ ಮುಟ್ಟಿ ನೋಡಿಕೊಂಡು, ಮನೆಗೆ ಹೋದೆ. ಸೋಮವಾರ ಶಾಲೆಗೆ ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ, ಮತ್ತೆಂದೂ ಹೋಗಲಿಲ್ಲ. ಕಂಡಕ್ಟರಾಗಿ ಬಸ್ಸು ಹತ್ತಿದ್ದು ಆಮೇಲೆ, ಅದು ಬೇರೆ ಮಾತು. ಸತ್ಯ ಇಷ್ಟೇ. ಇದಕ್ಕೆ ಹತ್ತು ನಿಮಿಷವೂ ಬೇಡ, ಬಸ್ಸು ಊರು ದಾಟುವುದರೊಳಗೆ ಮುಗಿಯುತ್ತದೆ. ಹಾಗಾಗಿಯೇ ನಾನು ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಹುಟ್ಟುಹಬ್ಬದ ಮೇಜಿನ ಮೇಲೆ ನೂಡಲ್ಸ್ ಆರಿತ್ತು. ಮೇಷ್ಟ್ರು ತಮ್ಮ ಅಂಗೈಯನ್ನು ನೋಡಿಕೊಂಡು, ಆಮೇಲೆ ಆಯಾಸದಿಂದ ಮೆಲ್ಲಗೆ ಬಲಗೈ ಎತ್ತಿದರು, ತರಗತಿಯಲ್ಲಿ ಉತ್ತರ ಗೊತ್ತಿದ್ದ ಮಕ್ಕಳು ಎತ್ತುವ ಹಾಗೆ.

"ಇರಲ್ಲ," ಎಂದರು. "ಸೋಮವಾರ ಜ್ವರ ಇರಲ್ಲ. ಬಾ."